ಪ್ಲಗ್-ಇನ್ ಹೈಬ್ರಿಡ್ ತಗೊಳ್ಳೋದಾ, ಸುಮ್ನೆ ಗ್ಯಾಸ್ ಕಾರೇ ಸಾಕಾ?

ಅಮೆರಿಕಕ್ಕೆ ಬಂದ ಹೊಸದರಲ್ಲಿ "ಗ್ಯಾಸ್ ಹಾಕಿಸ್ಕೊಂಡು ಬರ್ತೀನಿ" ಎಂದು ಯಾರಾದರೂ ಹೊರಟರೆ ನನಗೆ ಅಡುಗೆಮನೆಯ ಸಿಲಿಂಡರ್ ನೆನಪಾಗುತ್ತಿತ್ತು. ಅದೆಲ್ಲ ಹದಿನೈದು ವರ್ಷದ ಹಿಂದಿನ ಮಾತು. ಇಲ್ಲಿ ಗ್ಯಾಸ್ ಎಂದರೆ ಪೆಟ್ರೋಲ್. ಈಗ ನ್ಯೂಜೆರ್ಸಿಯಲ್ಲಿ ನಮ್ಮ ಸುತ್ತಮುತ್ತಲ ಕನ್ನಡದ ಮನೆಗಳಲ್ಲಿ ಹೊಸ ಕಾರಿನ ಸುದ್ದಿ ಎದ್ದರೆ ಫೋನು ನನಗೆ ಬರುತ್ತದೆ. ನಾನೇನೂ ಮೆಕ್ಯಾನಿಕ್ ಅಲ್ಲ. ನಮ್ಮ ಮನೆಯ ಮುಂದೆ ಒಂದು ಪ್ಲಗ್-ಇನ್ ಹೈಬ್ರಿಡ್ ನಿಂತಿದೆ, ಅಷ್ಟೇ ನನ್ನ ಅರ್ಹತೆ. "ಪ್ಲಗ್-ಇನ್ ತಗೊಳ್ಳೋದಾ, ಸುಮ್ನೆ ಗ್ಯಾಸ್ ಕಾರೇ ಸಾಕಾ?" ಎಂಬುದು ಎಲ್ಲರ ಪ್ರಶ್ನೆ.

ನಾನು ತಿರುಗಿ ಕೇಳುವುದು ಒಂದೇ. ರಾತ್ರಿ ನಿಮ್ಮ ಕಾರು ಎಲ್ಲಿ ಮಲಗುತ್ತದೆ? ಅದರ ಪಕ್ಕದಲ್ಲಿ ನಿಮ್ಮದೇ ಆದ ಒಂದು ಪ್ಲಗ್ ಪಾಯಿಂಟ್ ಇದೆಯಾ?

ಇಲ್ಲ ಎಂದರೆ ಮಾತು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಇದೆ ಎಂದರೆ ಮುಂದೆ ಓದಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನದೇ ಕಾರನ್ನು ನಿಮಗೆ ಮಾರುವ ಆಸೆ ನನಗಿಲ್ಲ. ಲೆಕ್ಕ ಹಾಕುತ್ತಾ ಹೋದರೆ ಅದು ಬೇಡ ಎಂದೇ ಬರಬಹುದು.

ಮೂರು ಬಗೆ, ಒಂದೇ ಮೈಕಟ್ಟು

ಅರ್ಧ ಗೊಂದಲ ಹೆಸರಿನಲ್ಲೇ ಇದೆ. ಗ್ಯಾಸ್ ಕಾರು ಎಲ್ಲರಿಗೂ ಗೊತ್ತು, ಬರೀ ಎಂಜಿನ್. ಸಾದಾ ಹೈಬ್ರಿಡ್‌ನಲ್ಲಿ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟಾರು, ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಬ್ರೇಕ್ ಒತ್ತಿದಾಗ ಸುಮ್ನೆ ಬಿಸಿಯಾಗಿ ಹಾಳಾಗುವ ಶಕ್ತಿಯನ್ನು ಆ ಬ್ಯಾಟರಿ ಹಿಡಿದಿಟ್ಟುಕೊಂಡು, ಮತ್ತೆ ಹೊರಡುವಾಗ ವಾಪಸ್ ಕೊಡುತ್ತದೆ. ಇದಕ್ಕೆ ಹೊರಗಿನಿಂದ ಕರೆಂಟ್ ಕೊಡುವ ದಾರಿ ಇಲ್ಲ. ಏನೇ ಓಡಿದರೂ ಕೊನೆಗೆ ಗ್ಯಾಸ್‌ನಿಂದಲೇ ಓಡಿದ್ದು.

ಪ್ಲಗ್-ಇನ್ ಎಂದರೆ ಅದೇ ಹೈಬ್ರಿಡ್, ಆದರೆ ಬ್ಯಾಟರಿ ಹತ್ತು ಪಟ್ಟು ದೊಡ್ಡದು. ಗೋಡೆಯ ಪ್ಲಗ್‌ಗೆ ಸಿಕ್ಕಿಸಿ ತುಂಬಿಸಬಹುದು. ತುಂಬಿದ್ದು ಖಾಲಿಯಾಗುವ ತನಕ ಅದು ಎಲೆಕ್ಟ್ರಿಕ್ ಕಾರು. ಖಾಲಿಯಾದ ಮೇಲೆ ಸಾದಾ ಹೈಬ್ರಿಡ್. ಯೋಚನೆ ಹೊಸದೇನಲ್ಲ. ಚೀನಾದ ಬಿವೈಡಿ 2008ರ ಕೊನೆಯಲ್ಲೇ ಎಫ್3ಡಿಎಂ ಎಂಬ ಇಂಥ ಕಾರನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಇಲ್ಲಿ ಶೆವ್ರೊಲೆ ವೋಲ್ಟ್ ಬಂದಿದ್ದು 2010ರ ಡಿಸೆಂಬರ್‌ನಲ್ಲಿ. 2019ರಲ್ಲಿ ವೋಲ್ಟ್ ನಿಂತುಹೋಯಿತು. ಅದನ್ನು ಇಟ್ಟುಕೊಂಡವರು ಮಾತ್ರ ಇವತ್ತಿಗೂ ಬಿಡಲು ತಯಾರಿಲ್ಲ.

ಹೋಲಿಕೆಗೆ ನಾನು ಟೊಯೊಟಾ ರಾವ್4 ತೆಗೆದುಕೊಳ್ಳುತ್ತೇನೆ. ಹೆಸರಿನಲ್ಲೇ "ರಾವ್" ಇರುವುದಕ್ಕೋ ಏನೋ, ನಮ್ಮವರ ಮನೆಗಳ ಮುಂದೆ ಇದು ಜಾಸ್ತಿ. ಅದು ತಮಾಷೆ ಬಿಡಿ. ನಿಜವಾದ ಕಾರಣ ಏನೆಂದರೆ, 2021ರಿಂದ 2025ರವರೆಗಿನ ಮಾಡೆಲ್‌ಗಳಲ್ಲಿ ಇದು ಮೂರು ಬಗೆಯಲ್ಲೂ ಸಿಗುತ್ತಿತ್ತು. ಅದೇ ಬಾಗಿಲು, ಅದೇ ಸೀಟು, ಅದೇ ಎತ್ತರ. ಬಾನೆಟ್ ಒಳಗೆ, ಸೀಟಿನ ಕೆಳಗೆ ಇರುವುದು ಮಾತ್ರ ಬೇರೆ. ಬೇರೆ ಬೇರೆ ಕಂಪನಿಯ ಕಾರುಗಳನ್ನು ಎದುರುಬದುರು ನಿಲ್ಲಿಸಿದರೆ ಯಾವ ಹಣ ಯಾವುದಕ್ಕೆ ಹೋಯಿತು ಎಂದು ಗೊತ್ತಾಗುವುದಿಲ್ಲ. ಇಲ್ಲಿ ಗೊತ್ತಾಗುತ್ತದೆ.

ಗ್ಯಾಸ್ ರಾವ್4ಗೆ 203 ಹಾರ್ಸ್‌ಪವರ್, ಗ್ಯಾಲನ್‌ಗೆ ಸುಮಾರು 30 ಮೈಲಿ. ಹೈಬ್ರಿಡ್‌ಗೆ 219 ಹಾರ್ಸ್‌ಪವರ್, ಗ್ಯಾಲನ್‌ಗೆ ಸುಮಾರು 40. ಪ್ಲಗ್-ಇನ್‌ಗೆ (ಮೊದಲು ಇದನ್ನು ಪ್ರೈಮ್ ಎನ್ನುತ್ತಿದ್ದರು) 302 ಹಾರ್ಸ್‌ಪವರ್, 18.1 ಯೂನಿಟ್ ಹಿಡಿಯುವ ಬ್ಯಾಟರಿ, ಪೂರ್ತಿ ಚಾರ್ಜ್‌ನಲ್ಲಿ 42 ಮೈಲಿ, ಆಮೇಲೆ ಗ್ಯಾಲನ್‌ಗೆ 38. ಇವು ಇಲ್ಲಿನ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೊಡುವ ಅಂಕಿಗಳು. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ ಲೀಟರ್‌ಗೆ 12.7, 17, 16 ಕಿ.ಮೀ. ಕರೆಂಟಿನ ಓಟ 67 ಕಿ.ಮೀ.

ಆ 40 ಮತ್ತು 38 ಗಮನಿಸಿದಿರಾ? ಚಾರ್ಜ್ ಮುಗಿದ ಪ್ಲಗ್-ಇನ್ ಸಾದಾ ಹೈಬ್ರಿಡ್‌ಗಿಂತ ಸ್ವಲ್ಪ ಜಾಸ್ತಿಯೇ ಗ್ಯಾಸ್ ಕುಡಿಯುತ್ತದೆ. ಖಾಲಿಯಾದ ದೊಡ್ಡ ಬ್ಯಾಟರಿಯನ್ನು ಹೊತ್ತುಕೊಂಡು ಓಡಬೇಕಲ್ಲ, ಅದಕ್ಕೆ. ಖಾಲಿ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತಿದ ಹಾಗೆ. ಅಂದರೆ ಪ್ಲಗ್ ಹಾಕದೆ ಓಡಿಸುವವರಿಗೆ ಇದು ದುಬಾರಿಯ, ಭಾರದ, ಒಂದಿಷ್ಟು ಕಡಿಮೆ ಮೈಲೇಜಿನ ಹೈಬ್ರಿಡ್. ಮೊದಲ ಪ್ರಶ್ನೆಯನ್ನು ನಾನು ಸುಮ್ನೆ ಕೇಳಲಿಲ್ಲ.

ಯುರೋಪಿನಲ್ಲಿ ಇದು ದೊಡ್ಡ ಮಟ್ಟದಲ್ಲೇ ಬಯಲಾಯಿತು. ಅಲ್ಲಿನ ಹೊಸ ಕಾರುಗಳು ಎಷ್ಟು ಇಂಧನ ಸುಟ್ಟವು ಎಂದು ಒಳಗಿನ ಮೀಟರೇ ಲೆಕ್ಕ ಇಡುತ್ತದೆ. ಆ ಲೆಕ್ಕವನ್ನು ಒಟ್ಟು ಮಾಡಿ ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಪೆಟ್ರೋಲ್, ಡೀಸೆಲ್ ಕಾರುಗಳು ಪರೀಕ್ಷೆಯ ಅಂಕಿಗಿಂತ ಸುಮಾರು 20 ಶೇಕಡ ಜಾಸ್ತಿ ಹೊಗೆ ಬಿಟ್ಟಿದ್ದವು. ಪ್ಲಗ್-ಇನ್ ಹೈಬ್ರಿಡ್‌ಗಳು? ಮೂರೂವರೆ ಪಟ್ಟು. ಕಾರಿನದೇನೂ ತಪ್ಪಲ್ಲ. ಜನ ಚಾರ್ಜ್ ಮಾಡುತ್ತಾರೆ ಎಂದು ಪರೀಕ್ಷೆ ಅಂದುಕೊಂಡಿತ್ತು. ಜನ ಅಷ್ಟು ಮಾಡಲಿಲ್ಲ. ಆಫೀಸು ಕೊಟ್ಟ ಕಾರು, ಆಫೀಸು ಕೊಟ್ಟ ಪೆಟ್ರೋಲ್ ಕಾರ್ಡ್ ಇದ್ದವರಿಗೆ ಮನೆಯ ಕರೆಂಟ್ ಯಾಕೆ ಸುಡಬೇಕು, ಅಲ್ವಾ?

ದೋಸೆ ಹಿಟ್ಟು ಮತ್ತು ಪ್ಲಗ್ ಪಾಯಿಂಟ್

ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಮನೆಯಲ್ಲಿ 240 ವೋಲ್ಟ್ ಲೈನ್ ಎಳೆಸುವುದು ಒಳ್ಳೆಯದು. ಎಲೆಕ್ಟ್ರೀಷಿಯನ್, ಪರ್ಮಿಟ್, ಹಳೆಯ ಮನೆಯಾದರೆ ಮೇನ್ ಪ್ಯಾನಲ್ ಬದಲಾವಣೆ, ಖರ್ಚು ಏರುತ್ತಾ ಹೋಗುತ್ತದೆ. ಪ್ಲಗ್-ಇನ್‌ಗೆ ಇದ್ಯಾವುದೂ ಬೇಕಿಲ್ಲ. ಗೋಡೆಯ ಮಾಮೂಲಿ 120 ವೋಲ್ಟ್ ಪ್ಲಗ್ ಸಾಕು. ಖಾಲಿ ಬ್ಯಾಟರಿ ತುಂಬಲು ಸುಮಾರು 12 ಗಂಟೆ. ರಾತ್ರಿ ಎಂಟಕ್ಕೆ ಸಿಕ್ಕಿಸಿದರೆ ಬೆಳಗ್ಗೆ ಎಂಟಕ್ಕೆ ರೆಡಿ. 240 ವೋಲ್ಟ್ ಇದ್ದರೆ ನಾಲ್ಕೂವರೆ ಗಂಟೆ. ಒಳಗಿನ ಚಾರ್ಜರ್ ದೊಡ್ಡದಿರುವ ಮೇಲಿನ ಮಾಡೆಲ್ ಆದರೆ ಎರಡೂವರೆ. ನನಗೆ ಅದರ ಅವಸರ ಒಂದು ದಿನವೂ ಬಿದ್ದಿಲ್ಲ.

ಹಾಗಂತ ಯಾವ ಪ್ಲಗ್ ಆದರೂ ಆಗುತ್ತದೆ ಎಂದಲ್ಲ. ಕಾರು 12 ಆಂಪ್ ಅನ್ನು ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತದೆ. ನಮ್ಮ ಗ್ಯಾರೇಜಿನಲ್ಲಿ, ಇಲ್ಲಿನ ಎಲ್ಲ ಕನ್ನಡದ ಮನೆಗಳಂತೆ, ಎರಡನೇ ಫ್ರಿಜ್ ಇದೆ. ಅದೂ ಕಾರೂ ಒಂದೇ ಲೈನಿನಲ್ಲಿವೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲ ವಾರದಲ್ಲೇ ಒಂದು ರಾತ್ರಿ ಬ್ರೇಕರ್ ಬಿತ್ತು. ಬೆಳಗ್ಗೆ ನೋಡಿದರೆ ಕಾರು ಅರ್ಧ ಖಾಲಿ, ಭಾನುವಾರಕ್ಕೆಂದು ಇಟ್ಟಿದ್ದ ದೋಸೆ ಹಿಟ್ಟು ಹುಳಿ ಬಂದು ಡಬ್ಬದ ಮುಚ್ಚಳ ಎತ್ತಿತ್ತು. ಮನೆಯಲ್ಲಿ ಕಾರಿನ ಬಗ್ಗೆ ಯಾರೂ ಕೇಳಲಿಲ್ಲ. ಹಿಟ್ಟಿನ ಬಗ್ಗೆ ಕೇಳಿದರು. ಮರುದಿನವೇ ಎಲೆಕ್ಟ್ರೀಷಿಯನ್ ಕರೆಸಿ ಕಾರಿಗೆ ಬೇರೆ ಲೈನ್ ಹಾಕಿಸಿದೆ. ನೀವು ಇದನ್ನು ಕಾರು ಬರುವ ಮೊದಲೇ ನೋಡಿಸಿ. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್‌ನಲ್ಲಿ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ವೈರ್ ಬಿಸಿಯಾಗಿ ಬೆಂಕಿಗೆ ದಾರಿಯಾಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುವವರು ಆಫೀಸಿನಲ್ಲಿ ಚಾರ್ಜ್ ಮಾಡಿಕೊಳ್ಳುತ್ತೇವೆ ಎನ್ನುತ್ತಾರೆ. ಆಗುತ್ತದೆ, ವಾರಕ್ಕೆ ಐದು ದಿನ ಆಫೀಸಿಗೆ ಹೋಗುವವರಾದರೆ. ಅಲ್ಲಿಯೂ ಸರದಿ ಇರುತ್ತದೆ. ಊರಿನ ಪಬ್ಲಿಕ್ ಚಾರ್ಜರ್‌ಗಳನ್ನು ನಂಬಿ ಪ್ಲಗ್-ಇನ್ ಕೊಳ್ಳಬೇಡಿ. ಒಂದೊಂದು ಕಡೆ ಅಲ್ಲಿನ ದರ ಗ್ಯಾಸ್‌ಗಿಂತ ದುಬಾರಿ. ಅದೂ ಅಲ್ಲದೆ 42 ಮೈಲಿಗೋಸ್ಕರ ಎರಡು ಗಂಟೆ ಯಾರು ಕಾಯುತ್ತಾರೆ?

ಚಳಿಗಾಲ

ಎಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನನಗೆ 42 ಮೈಲಿ ಆರಾಮಾಗಿ ಬರುತ್ತದೆ. ಕೆಲವು ದಿನ 45 ಕೂಡ. ಜನವರಿಯಲ್ಲಿ 30 ಬಂದರೆ ಪುಣ್ಯ. ಬ್ಯಾಟರಿಯೂ ಸೋಮಾರಿಯಾಗುತ್ತದೆ, ಹೀಟರ್ ಕೂಡ ಅದರಿಂದಲೇ ತಿನ್ನುತ್ತದೆ. ಈ ಕಾರಿನಲ್ಲಿ ಹೀಟ್ ಪಂಪ್ (ಎಸಿಯನ್ನೇ ತಿರುಗಾಮುರುಗಾ ಓಡಿಸಿ ಒಳಗೆ ಬೆಚ್ಚಗೆ ಮಾಡುವ ವ್ಯವಸ್ಥೆ) ಇರುವುದರಿಂದ ಮಾಮೂಲಿ ಚಳಿಗೆ ಎಂಜಿನ್ ಬೇಕಾಗುವುದಿಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದರೆ ಮಾತ್ರ ಬ್ಯಾಟರಿ ತುಂಬಿದ್ದರೂ ಎಂಜಿನ್ ಎದ್ದುಕೊಳ್ಳುತ್ತದೆ. ಮಿನ್ನೆಸೋಟ, ಷಿಕಾಗೋ ಕಡೆಯವರು ಇದನ್ನು ನೆನಪಿಡಿ. ಟೆಕ್ಸಸ್‌ನವರು ನಕ್ಕು ಮುಂದೆ ಹೋಗಬಹುದು.

ದಿನದ ಓಡಾಟ ಎಷ್ಟು ಎಂಬುದೂ ಇದಕ್ಕೇ ಸೇರಿದ್ದು. ಹೋಗಿ ಬರುವುದು ಸೇರಿ ದಿನಕ್ಕೆ 30, 35 ಮೈಲಿ ಒಳಗಿದ್ದರೆ ಪ್ಲಗ್-ಇನ್ ನಿಮ್ಮ ಅಳತೆಗೇ ಹೊಲಿದ ಅಂಗಿ. ಮಕ್ಕಳ ಶಾಲೆ, ದಿನಸಿ ಅಂಗಡಿ, ಭರತನಾಟ್ಯದ ಕ್ಲಾಸು, ಶನಿವಾರದ ಕನ್ನಡ ಶಾಲೆ, ದೇವಸ್ಥಾನ, ಇಷ್ಟರಲ್ಲಿ ವಾರ ಮುಗಿಯುವವರು ತಿಂಗಳುಗಟ್ಟಲೆ ಬಂಕಿನ ಕಡೆ ಹೋಗುವುದಿಲ್ಲ. ದಿನಕ್ಕೆ 90 ಮೈಲಿ ಹೈವೇ ಓಡಿಸುವವರಿಗೆ ಸಾದಾ ಹೈಬ್ರಿಡ್ಡೇ ಸರಿ. ಅವರಿಗೆ 42 ಮೈಲಿಯ ಬ್ಯಾಟರಿ ಊಟಕ್ಕೆ ಮುಂಚಿನ ಕೋಸಂಬರಿ ಇದ್ದ ಹಾಗೆ.

ದುಡ್ಡಿನ ಲೆಕ್ಕ

ಈಗ ಎಲ್ಲರೂ ಕಾಯುತ್ತಿರುವ ಭಾಗ. ಇಲ್ಲಿ ನಿಧಾನವಾಗಿ ಹೋಗೋಣ. ಮೋಸ ಹೋಗುವುದು ಇಲ್ಲೇ.

ಪ್ಲಗ್-ಇನ್ ರಾವ್4 ಕರೆಂಟಿನಲ್ಲಿ 100 ಮೈಲಿ ಓಡಲು ಗೋಡೆಯಿಂದ ಸುಮಾರು 36 ಯೂನಿಟ್ ಎಳೆಯುತ್ತದೆ. ಹೈಬ್ರಿಡ್ ಅಷ್ಟೇ ದೂರಕ್ಕೆ ಎರಡೂವರೆ ಗ್ಯಾಲನ್ ಕುಡಿಯುತ್ತದೆ. ಗ್ಯಾಸ್ ಕಾರು ಮೂರೂಕಾಲು ಗ್ಯಾಲನ್ ದಾಟುತ್ತದೆ. ಇದರಿಂದ ಒಂದು ಸುಲಭದ ಸೂತ್ರ ಸಿಗುತ್ತದೆ. ನಿಮ್ಮ ಊರಿನ ಗ್ಯಾಲನ್ ಬೆಲೆಯನ್ನು ಡಾಲರಿನಲ್ಲಿ ಇಟ್ಟು 7ರಿಂದ ಗುಣಿಸಿ. ಬಂದ ಸಂಖ್ಯೆಗಿಂತ ನಿಮ್ಮ ಯೂನಿಟ್ ದರ (ಸೆಂಟ್‌ಗಳಲ್ಲಿ) ಕಡಿಮೆ ಇದ್ದರೆ ಹೈಬ್ರಿಡ್‌ಗಿಂತ ಕರೆಂಟು ಅಗ್ಗ. ಜಾಸ್ತಿ ಇದ್ದರೆ ಹೈಬ್ರಿಡ್ಡೇ ಅಗ್ಗ. ಗ್ಯಾಸ್ ಕಾರಿನ ಜೊತೆ ಹೋಲಿಸುವುದಾದರೆ 7ರ ಬದಲು 9ರಿಂದ ಗುಣಿಸಿ. ಯೂನಿಟ್ ದರ ನೋಡುವಾಗ ಬಿಲ್ಲಿನ ಮೊದಲ ಸಾಲು ನೋಡಿ ಖುಷಿಪಡಬೇಡಿ. ಕರೆಂಟಿನ ಬೆಲೆ ಒಂದು, ಅದನ್ನು ಮನೆಗೆ ತಂದುಕೊಡುವ ಚಾರ್ಜು ಇನ್ನೊಂದು. ಒಟ್ಟು ಬಿಲ್ಲನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿ.

ಮೂರು ಊರಿಗೆ ಹಾಕಿ ನೋಡೋಣ. ದರಗಳು ಏರಿಳಿಯುತ್ತವೆ, ಇವು ಉದಾಹರಣೆಗೆ ಮಾತ್ರ.

ಸಿಯಾಟಲ್ ಕಡೆ ಯೂನಿಟ್‌ಗೆ 14 ಸೆಂಟ್, ಗ್ಯಾಸ್ 4.30 ಡಾಲರ್ ಎಂದಿಟ್ಟುಕೊಳ್ಳಿ. ಕರೆಂಟಿನಲ್ಲಿ ಮೈಲಿಗೆ 5 ಸೆಂಟ್, ಹೈಬ್ರಿಡ್‌ನಲ್ಲಿ ಹತ್ತೂಮುಕ್ಕಾಲು, ಗ್ಯಾಸ್ ಕಾರಿನಲ್ಲಿ 14 ದಾಟುತ್ತದೆ. ಅಣೆಕಟ್ಟಿನ ನೀರಿನಿಂದ ಬರುವ ಅಗ್ಗದ ಕರೆಂಟು, ದುಬಾರಿ ಗ್ಯಾಸು. ಪ್ಲಗ್-ಇನ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ನಮ್ಮ ನ್ಯೂಜೆರ್ಸಿಯಲ್ಲಿ 2025ರ ಜೂನ್‌ನಲ್ಲಿ ಕರೆಂಟ್ ಬಿಲ್ ಒಂದೇ ಏಟಿಗೆ 17ರಿಂದ 20 ಶೇಕಡ ಏರಿತು. ಯೂನಿಟ್‌ಗೆ 20 ಸೆಂಟ್, ಗ್ಯಾಸ್ 3.10 ಎಂದಿಟ್ಟರೆ ಕರೆಂಟಿನಲ್ಲಿ ಮೈಲಿಗೆ 7.2 ಸೆಂಟ್, ಹೈಬ್ರಿಡ್‌ನಲ್ಲಿ 7.75, ಗ್ಯಾಸ್ ಕಾರಿನಲ್ಲಿ 10.3. ಹೈಬ್ರಿಡ್‌ಗೂ ನನಗೂ ಮೈಲಿಗೆ ಅರ್ಧ ಸೆಂಟ್ ವ್ಯತ್ಯಾಸ! ಇಷ್ಟಕ್ಕೆ ದಿನಾ ರಾತ್ರಿ ಬಗ್ಗಿ ವೈರ್ ಸಿಕ್ಕಿಸುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ಇನ್ನೂ ಮಜಾ. ಯೂನಿಟ್‌ಗೆ 35 ಸೆಂಟ್, ಗ್ಯಾಸ್ 4.60 ಎಂದರೆ ಕರೆಂಟಿನಲ್ಲಿ 12.6 ಸೆಂಟ್, ಹೈಬ್ರಿಡ್‌ನಲ್ಲಿ 11.5. ಅಂದರೆ ಪ್ಲಗ್ ಹಾಕಿದರೆ ನಷ್ಟ! ಮಾಡಿನ ಮೇಲೆ ಸೋಲಾರ್ ಇದ್ದವರ ಲೆಕ್ಕ ಬೇರೆ. ಅಲ್ಲಿ ಬಹಳ ಜನ ಪ್ಲಗ್-ಇನ್ ಕೊಂಡಿದ್ದು ಗ್ಯಾಸ್ ಉಳಿಸಲು ಅಲ್ಲ, ಒಂದಕ್ಕಿಂತ ಹೆಚ್ಚು ಜನ ಇರುವ ಕಾರುಗಳಿಗೆ ಮೀಸಲಾದ ಕಾರ್‌ಪೂಲ್ ಲೇನಿನ ಸ್ಟಿಕರ್‌ಗಾಗಿ. ಒಬ್ಬರೇ ಕೂತು ವೇಗದ ಲೇನಿನಲ್ಲಿ ಹೋಗಬಹುದಿತ್ತು. ಆ ಸ್ಟಿಕರ್ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಇದು ಬರೀ ಓಡಿಸುವ ಖರ್ಚು. ಕೊಳ್ಳುವ ಖರ್ಚು ಇನ್ನೂ ಬಂದಿಲ್ಲ. ಮೂರೂ ಬಗೆ ಸಿಗುತ್ತಿದ್ದ ಕೊನೆಯ ವರ್ಷಗಳಲ್ಲಿ ಗ್ಯಾಸ್ ರಾವ್4 ಸುಮಾರು 29 ಸಾವಿರ ಡಾಲರಿನಿಂದ ಶುರು, ಹೈಬ್ರಿಡ್ ಸುಮಾರು 32 ಸಾವಿರದಿಂದ, ಪ್ಲಗ್-ಇನ್ ಸುಮಾರು 44 ಸಾವಿರದಿಂದ. ಇಲ್ಲಿ ಒಂದು ಸಣ್ಣ ಚಮತ್ಕಾರ ಇದೆ. ಪ್ಲಗ್-ಇನ್‌ನಲ್ಲಿ ತೀರಾ ಕೆಳಗಿನ ಮಾಡೆಲ್ ಇಲ್ಲವೇ ಇಲ್ಲ, ಶುರುವಾಗುವುದೇ ಮಧ್ಯದಿಂದ. ಹಾಗಾಗಿ ಅದೇ ಮಟ್ಟದ ಹೈಬ್ರಿಡ್ ಪಕ್ಕ ಇಟ್ಟರೆ 12 ಸಾವಿರದ ಅಂತರ ಸ್ವಲ್ಪ ಇಳಿಯುತ್ತದೆ. ಇಳಿದರೂ ಸಣ್ಣ ಮೊತ್ತವೇನಲ್ಲ.

ವರ್ಷಕ್ಕೆ 12 ಸಾವಿರ ಮೈಲಿ, ಅದರಲ್ಲಿ 70 ಶೇಕಡ ಕರೆಂಟಿನಲ್ಲಿ ಎಂದು ಹಿಡಿಯಿರಿ. ಮೇಲಿನ ದರಗಳಲ್ಲಿ ಸಿಯಾಟಲ್‌ನವರಿಗೆ ಪ್ಲಗ್-ಇನ್‌ನ ಖರ್ಚು ವರ್ಷಕ್ಕೆ 830 ಡಾಲರ್, ಹೈಬ್ರಿಡ್‌ಗೆ 1290, ಗ್ಯಾಸ್ ಕಾರಿಗೆ 1720. ಹೈಬ್ರಿಡ್‌ಗಿಂತ ವರ್ಷಕ್ಕೆ 460 ಉಳಿತಾಯ. ಕೊಟ್ಟ 12 ಸಾವಿರ ವಾಪಸ್ ಬರಲು 26 ವರ್ಷ. ಅಷ್ಟು ಹೊತ್ತಿಗೆ ಹಿಂದಿನ ಸೀಟಿನ ಮಗು ಕೆಲಸಕ್ಕೆ ಸೇರಿ ತನ್ನದೇ ಕಾರು ಕೊಂಡಿರುತ್ತದೆ. ನ್ಯೂಜೆರ್ಸಿಯ ದರದಲ್ಲಿ ಉಳಿತಾಯ ವರ್ಷಕ್ಕೆ 30 ಡಾಲರ್. ಅದು ಎರಡು ಸಿನಿಮಾ ಟಿಕೆಟ್ಟಿಗೆ ಆಗಬಹುದು, ಪಾಪ್‌ಕಾರ್ನ್‌ಗೆ ಆಗಲ್ಲ.

ಬರೀ ಗ್ಯಾಸ್ ಕಾರಿನ ಜೊತೆ ಹೋಲಿಸಿದರೆ ಚಿತ್ರ ಸ್ವಲ್ಪ ಚೆಂದ ಕಾಣುತ್ತದೆ. ಡೀಲರುಗಳು ಹೋಲಿಸಿ ತೋರಿಸುವುದೂ ಅದನ್ನೇ. ನಿಜವಾದ ಪೈಪೋಟಿ ಇರುವುದು ಮಧ್ಯದಲ್ಲಿ ಸದ್ದಿಲ್ಲದೆ ಕೂತಿರುವ ಸಾದಾ ಹೈಬ್ರಿಡ್ ಜೊತೆ. ಅದು ಗ್ಯಾಸ್ ಕಾರಿಗಿಂತ ಮೂರು ಸಾವಿರ ಜಾಸ್ತಿ ತಗೊಂಡು ವರ್ಷಕ್ಕೆ 300ರಿಂದ 430 ಡಾಲರ್ ಉಳಿಸಿಕೊಡುತ್ತದೆ. ಏಳೆಂಟು, ಹೆಚ್ಚೆಂದರೆ ಹತ್ತು ವರ್ಷದಲ್ಲಿ ಕೊಟ್ಟಿದ್ದು ಬಂದಿರುತ್ತದೆ. ಟೊಯೊಟಾದವರಿಗೂ ಇದು ಗೊತ್ತಾಗಿರಬೇಕು. 2026ರ ರಾವ್4ನಲ್ಲಿ ಬರೀ ಗ್ಯಾಸ್ ಮಾಡೆಲ್ ಇಲ್ಲ. ಹೈಬ್ರಿಡ್ ಇಲ್ಲವೇ ಪ್ಲಗ್-ಇನ್, ಎರಡೇ. ಹೊಸ ಪ್ಲಗ್-ಇನ್‌ನ ಕರೆಂಟಿನ ಓಟವೂ 50 ಮೈಲಿ ಆಸುಪಾಸಿಗೆ ಏರಿದೆ.

ಹಾಗಾದರೆ ನೀನ್ಯಾಕೆ ಕೊಂಡೆ ಎಂದು ಕೇಳುತ್ತೀರಿ. ಕೇಳಲೇಬೇಕು.

ನಾನು ಕೊಂಡಿದ್ದು ಯಾಕೆ

2023ರಲ್ಲಿ ಲೆಕ್ಕ ಬೇರೆ ಇತ್ತು. 2022ರ ಆಗಸ್ಟಿನಲ್ಲಿ ಬಂದ ಕಾನೂನಿನ ಪ್ರಕಾರ ಉತ್ತರ ಅಮೆರಿಕದಲ್ಲಿ ಜೋಡಿಸಿದ ಕಾರಿಗೆ ಮಾತ್ರ 7500 ಡಾಲರಿನ ತೆರಿಗೆ ರಿಯಾಯಿತಿ. ರಾವ್4 ಪ್ರೈಮ್ ಜಪಾನಿನಿಂದ ಬರುತ್ತಿತ್ತು, ಕೊಂಡರೆ ಸೊನ್ನೆ. ಆದರೆ ಲೀಸ್, ಅಂದರೆ ಕೆಲವು ವರ್ಷದ ಬಾಡಿಗೆಗೆ, ತಗೊಂಡರೆ ಆ ಷರತ್ತು ಇರಲಿಲ್ಲ. ಲೀಸ್ ಕಂಪನಿಗೆ ಸಿಗುವ 7500 ಅನ್ನು ಗಿರಾಕಿಗೆ ಬಿಟ್ಟುಕೊಡುತ್ತಿದ್ದರು. ನಾನು ಲೀಸ್ ತೆಗೆದುಕೊಂಡು ಆಮೇಲೆ ಕಾರನ್ನು ಕೊಂಡುಕೊಂಡೆ. ಆ ಬಾಗಿಲೂ 2025ರ ಸೆಪ್ಟೆಂಬರ್ 30ಕ್ಕೇ ಮುಚ್ಚಿತು. ಇನ್ನೂ ರಿಯಾಯಿತಿ ಇದೆ ಎಂದು ಹಳೆಯ ವಿಡಿಯೋ ನೋಡಿ ಹೊರಡುವವರು ಇದ್ದಾರೆ, ಅದಕ್ಕೆ ಹೇಳಿದೆ.

ಅದೂ ಸುಲಭಕ್ಕೆ ಸಿಗಲಿಲ್ಲ. ಒಬ್ಬ ಡೀಲರ್ ಕಂಪನಿ ನಿಗದಿ ಮಾಡಿದ ಸ್ಟಿಕರ್ ಬೆಲೆಯ ಮೇಲೆ ಆರು ಸಾವಿರ "ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಎಂದು ಬರೆದು ಮುಂದೆ ಇಟ್ಟ. ಯಾವುದಕ್ಕೆ ಎಂದರೆ "ಡಿಮ್ಯಾಂಡ್ ಇದೆ ಸಾರ್" ಎನ್ನುವ ಧಾಟಿಯ ಉತ್ತರ. ಎದ್ದು ಬಂದೆ. ನೀವೂ ಎದ್ದು ಬನ್ನಿ. ಪಕ್ಕದ ರಾಜ್ಯದ ಡೀಲರ್ ಹತ್ತಿರ ಸ್ಟಿಕರ್ ಬೆಲೆಗೇ ಸಿಕ್ಕಿತು, ನಾಲ್ಕು ತಿಂಗಳು ಕಾಯಬೇಕಾಯಿತು ಅಷ್ಟೇ.

ಲೆಕ್ಕಕ್ಕೆ ಸಿಗದ್ದೂ ಇದೆ. ಓಡಿಸುವ ಸುಖ. 302 ಹಾರ್ಸ್‌ಪವರ್ ಎಂದರೆ ಸೊನ್ನೆಯಿಂದ 60 ಮೈಲಿ ವೇಗಕ್ಕೆ ಆರು ಸೆಕೆಂಡಿನ ಒಳಗೆ. ಗ್ಯಾಸ್ ರಾವ್4 ಹೈವೇ ಹತ್ತುವಾಗ ನರಳುವ ಸದ್ದು ಕೇಳಿದವರಿಗೆ ಇದರ ಬೆಲೆ ಗೊತ್ತು. ಬೆಳಗ್ಗೆ ಐದಕ್ಕೆ ಸದ್ದಿಲ್ಲದೆ ಗ್ಯಾರೇಜಿನಿಂದ ಹೊರಡುತ್ತದೆ, ಮನೆಯಲ್ಲಿ ಯಾರೂ ಏಳುವುದಿಲ್ಲ. ಚಳಿಯಲ್ಲಿ ಬಂಕಿಗೆ ಹೋಗುವ ಕೆಲಸ ಇಲ್ಲ. ಪೂರ್ತಿ ಎಲೆಕ್ಟ್ರಿಕ್ ಕಾರಿನವರು ದೂರದ ಬಫಲೋ ಊರಿಗೆ ಹೊರಡುವ ಮುಂಚೆ ಚಾರ್ಜರ್ ಎಲ್ಲಿದೆ ಎಂದು ನೋಡುತ್ತಾರೆ. ನಾನು ನೋಡುವುದಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟ ಕಾರು ಎಂದು ಹಾಸ್ಯ ಮಾಡುತ್ತಾರೆ. ಮಾಡಲಿ. ಇಷ್ಟಕ್ಕೆ ಒಂಬತ್ತು ಹತ್ತು ಸಾವಿರ ಜಾಸ್ತಿ ಕೊಡಬಹುದಾ? ರಿಯಾಯಿತಿ ಇದ್ದಾಗ ನಾನು ಕೊಟ್ಟೆ. ಇವತ್ತು ಕೊಡುತ್ತಿರಲಿಲ್ಲ, ಹೈಬ್ರಿಡ್ ತರುತ್ತಿದ್ದೆ.

ಅಪ್ಪ ಅಮ್ಮ, ನಾಲ್ಕು ಸೂಟ್‌ಕೇಸ್

ಊರಿನಿಂದ ಅಪ್ಪ ಅಮ್ಮ ಬರುವುದು ತಲಾ 23 ಕೆಜಿಯ ಎರಡೆರಡು ಸೂಟ್‌ಕೇಸ್ ಜೊತೆ. ಉಪ್ಪಿನಕಾಯಿ, ಹಪ್ಪಳ, ಸಾರಿನಪುಡಿ, ಯಾರದ್ದೋ ಮಗಳಿಗೆ ಸೀರೆ. ಕಾರಿನ ಡಿಕ್ಕಿಗೆ ಇದೇ ನಿಜವಾದ ಪರೀಕ್ಷೆ. ಗ್ಯಾಸ್ ಮತ್ತು ಹೈಬ್ರಿಡ್ ರಾವ್4ನಲ್ಲಿ ಡಿಕ್ಕಿ 37.5 ಘನ ಅಡಿ ಸುಮಾರಿಗೆ ಇದ್ದರೆ ಪ್ಲಗ್-ಇನ್‌ನಲ್ಲಿ 33.5. ಬ್ಯಾಟರಿಗೆ ಜಾಗ ಬಿಟ್ಟುಕೊಟ್ಟು ಡಿಕ್ಕಿಯ ತಳ ಮೇಲೆ ಬಂದಿದೆ. ನಾಲ್ಕನೆಯ ಸೂಟ್‌ಕೇಸ್ ನಮ್ಮ ಮನೆಯಲ್ಲಿ ಯಾವಾಗಲೂ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತು ಬರುತ್ತದೆ.

ಇಬ್ಬರು ಮಕ್ಕಳು, ಜೊತೆಗೆ ಆರು ತಿಂಗಳು ಅಪ್ಪ ಅಮ್ಮ ಎನ್ನುವವರು ಏಳು ಸೀಟಿನ ವ್ಯಾನ್ ನೋಡುತ್ತಾರೆ. ಅಲ್ಲಿ ಟೊಯೊಟಾ ಸಿಯೆನ್ನಾ 2021ರಿಂದ ಹೈಬ್ರಿಡ್ ಮಾತ್ರ, ಗ್ಯಾಲನ್‌ಗೆ 36 ಮೈಲಿ. ಪ್ಲಗ್ ಇರುವ ವ್ಯಾನ್ ಎಂದು ಸಿಗುತ್ತಿದ್ದುದು ಕ್ರೈಸ್ಲರ್ ಪೆಸಿಫಿಕಾ, ಕರೆಂಟಿನಲ್ಲಿ 32 ಮೈಲಿ. ಅದರ ಮಧ್ಯದ ಸೀಟುಗಳು ನೆಲದೊಳಗೆ ಮಡಚಿ ಹೋಗುವುದಿಲ್ಲ, ಆ ಜಾಗದಲ್ಲಿ ಬ್ಯಾಟರಿ ಇದೆ. 2017, 2018ರ ಪೆಸಿಫಿಕಾ ಪ್ಲಗ್-ಇನ್‌ಗಳಿಗೆ ಬೆಂಕಿಯ ಅಪಾಯದ ಕಾರಣ 2022ರಲ್ಲಿ ರೀಕಾಲ್ (ಕಂಪನಿಯೇ ಕಾರು ವಾಪಸ್ ಕರೆಸಿ ಸರಿಮಾಡಿಕೊಡುವುದು) ಆಗಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಕೆಲಸ ಆಗಿದೆಯಾ ಎಂದು ಕಾಗದ ಕೇಳಿ. ನನ್ನನ್ನು ಕೇಳಿದರೆ ಸಿಯೆನ್ನಾ.

ನೋಡಿಕೊಳ್ಳುವುದು

ಎಂಜಿನ್ ಇದೆ ಎಂದ ಮೇಲೆ ಆಯಿಲ್ ಇದೆ. ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಬದಲಿಸಬೇಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. "ಎಂಜಿನ್ ಓಡೇ ಇಲ್ಲ, ಆಯಿಲ್ ಯಾಕೆ?" ಎನ್ನುತ್ತಾರೆ. ಓಡದಿದ್ದರೂ ಆಯಿಲ್‌ಗೆ ವಯಸ್ಸಾಗುತ್ತದೆ. ಗ್ಯಾಸೂ ಹಾಗೆಯೇ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೂತರೆ ಕೆಡುತ್ತದೆ. ಹಳೆಯ ಶೆವ್ರೊಲೆ ವೋಲ್ಟ್‌ನಲ್ಲಿ ಟ್ಯಾಂಕಿನ ಗ್ಯಾಸ್ ತೀರಾ ಹಳತಾದರೆ ಕಾರು ತಾನೇ ಎಂಜಿನ್ ಓಡಿಸಿ ಸುಟ್ಟುಬಿಡುತ್ತಿತ್ತು. ನಾನು ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ತುಂಬಿಸುವುದಿಲ್ಲ, ದೂರದ ಪ್ರಯಾಣ ಇದ್ದರೆ ಮಾತ್ರ ಫುಲ್.

ಬ್ರೇಕ್ ಪ್ಯಾಡ್ ಬಹಳ ವರ್ಷ ಬರುತ್ತದೆ, ಮೋಟಾರೇ ಅರ್ಧ ಬ್ರೇಕ್ ಹಿಡಿಯುತ್ತದಲ್ಲ. ಭಾರ ಮಾತ್ರ ಹೈಬ್ರಿಡ್‌ಗಿಂತ ಸುಮಾರು 500 ಪೌಂಡ್ ಜಾಸ್ತಿ, ಟೈರು ಬೇಗ ಸವೆಯುತ್ತದೆ. ಬ್ಯಾಟರಿಗೆ ಟೊಯೊಟಾ 10 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿ ವಾರಂಟಿ ಕೊಡುತ್ತದೆ. ಅದರ ಬಗ್ಗೆ ನಿದ್ದೆಗೆಡಬೇಕಿಲ್ಲ. ಕೆಲವು ರಾಜ್ಯಗಳು ರಿಜಿಸ್ಟ್ರೇಷನ್ ಜೊತೆ ಹೆಚ್ಚುವರಿ ಫೀ ಹಾಕುತ್ತವೆ. ಒಹಾಯೊದಲ್ಲಿ ಸಾದಾ ಹೈಬ್ರಿಡ್‌ಗೆ ವರ್ಷಕ್ಕೆ 100, ಪ್ಲಗ್-ಇನ್‌ಗೆ 150 ಡಾಲರ್. ಅಂಥ ಕಡೆ ಮೇಲಿನ ಉಳಿತಾಯದಲ್ಲಿ ಅದನ್ನೂ ಕಳೆಯಿರಿ.

ಊರಿನಿಂದ ಬರುವ ಪ್ರಶ್ನೆ

ಮೈಸೂರಿನಿಂದ ನನ್ನ ಚಿಕ್ಕಪ್ಪನ ಮಗ ಕೇಳುತ್ತಿರುತ್ತಾನೆ, "ಅಣ್ಣಾ, ನಿನ್ನ ಥರದ ಕಾರು ಇಲ್ಲಿ ಯಾವಾಗ ಬರುತ್ತೆ, ಕಾಯಲಾ?" ಕಾಯಬೇಡ ಎನ್ನುತ್ತೇನೆ. ಭಾರತದಲ್ಲಿ ಪ್ಲಗ್-ಇನ್ ಎಂದರೆ ಸದ್ಯಕ್ಕೆ ಸಿರಿವಂತರ ಆಟಿಕೆ. ಬಿಎಂಡಬ್ಲ್ಯು ಎಕ್ಸ್‌ಎಂ 2022ರ ಡಿಸೆಂಬರ್‌ನಲ್ಲಿ ಬಂದಾಗ ಎಕ್ಸ್ ಶೋರೂಂ ಬೆಲೆಯೇ 2.6 ಕೋಟಿ. ತೆರಿಗೆಯೂ ಇದಕ್ಕೆ ಅನುಕೂಲವಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಶೇಕಡ, ದೊಡ್ಡ ಹೈಬ್ರಿಡ್‌ಗೆ ದೊಡ್ಡ ಪೆಟ್ರೋಲ್ ಕಾರಿನಷ್ಟೇ 40 ಶೇಕಡ. ಪ್ಲಗ್ ಇದ್ದರೂ ಅಷ್ಟೇ.

ಅಲ್ಲಿ ಮಾಡಬೇಕಾದ ಹೋಲಿಕೆ ಪೆಟ್ರೋಲ್ ಮತ್ತು ಸಾದಾ ಹೈಬ್ರಿಡ್ ನಡುವೆ. ಅದಕ್ಕೆ ಕಾರು ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಇನೋವಾ ಹೈಕ್ರಾಸ್ ಪೆಟ್ರೋಲ್ ಲೀಟರ್‌ಗೆ 16.13 ಕಿ.ಮೀ, ಹೈಬ್ರಿಡ್ 23.24. ಎರಡೂ ಭಾರತದ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐನ ಅಂಕಿ, ರಸ್ತೆಯಲ್ಲಿ ಇನ್ನೂ ಕಡಿಮೆ ಹಿಡಿಯಿರಿ. ಇಲ್ಲಿ ಒಂದು ತಿರುವು ಇದೆ. ಹೈಬ್ರಿಡ್ ಮಿಂಚುವುದು ಹೈವೇಯಲ್ಲಿ ಅಲ್ಲ, ನಿಂತು ನಿಂತು ಹೋಗುವ ಊರಿನಲ್ಲಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ನಿಲ್ಲುವವನಿಗೆ ಅದು ಮಾಡಿಸಿದ ಕಾರು. ಮೈಸೂರಿನಲ್ಲಿ ತಿಂಗಳಿಗೆ 500 ಕಿ.ಮೀ ಓಡಿಸುವವನಿಗೆ ಬೇಡ. ಕರ್ನಾಟಕದಲ್ಲಿ 20 ಲಕ್ಷ ದಾಟಿದರೆ ಲೈಫ್ ಟ್ಯಾಕ್ಸೇ 18 ಶೇಕಡ, ಅದರ ಮೇಲೆ ಸೆಸ್. ಬೆಲೆ ಏರಿದಷ್ಟೂ ತೆರಿಗೆಯೂ ಏರುತ್ತದೆ ಎಂದು ಅವನಿಗೆ ನೆನಪಿಸುವುದೇ ನನ್ನ ಕೆಲಸ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಇವತ್ತು ಅಮೆರಿಕದಲ್ಲಿ ಪ್ಲಗ್-ಇನ್ ಕೊಳ್ಳಲು ನಿಜವಾಗಿ ಅರ್ಥ ಇರುವುದು ಇಲ್ಲೇ ಎನ್ನಿಸುತ್ತದೆ. ಲೀಸ್ ಮುಗಿದ ಮೂರು ವರ್ಷದ ಕಾರುಗಳು ವಾಪಸ್ ಬರುತ್ತಿವೆ. ಹೊಸದರಲ್ಲಿ ಇದ್ದ ಅಂತರ ಹಳೆಯದರಲ್ಲಿ ಕರಗಿರುತ್ತದೆ. ಎರಡು ಮೂರು ಸಾವಿರ ಜಾಸ್ತಿಗೆ ಸಿಕ್ಕರೆ ಲೆಕ್ಕ ಮತ್ತೆ ಪ್ಲಗ್-ಇನ್ ಕಡೆ ವಾಲುತ್ತದೆ, ಮನೆಯಲ್ಲಿ ಪ್ಲಗ್ ಇದ್ದರೆ. ಹಳೆಯ ಹೈಬ್ರಿಡ್ ನೋಡುವವರು 2019ರಿಂದ 2021ರ ರಾವ್4 ಆದರೆ ಕೆಳಗೆ ಬಗ್ಗಿ ಹಿಂದಿನ ಮೋಟಾರಿಗೆ ಹೋಗುವ ದಪ್ಪ ಕೇಬಲ್ ನೋಡಿಸಿ. ಹಿಮಕ್ಕೆ ಉಪ್ಪು ಸುರಿಯುವ ಊರುಗಳಲ್ಲಿ ಅದರ ತುದಿ ತುಕ್ಕು ಹಿಡಿಯುತ್ತಿತ್ತು. ಟೊಯೊಟಾ ಅದಕ್ಕೆ ವಾರಂಟಿಯನ್ನು ಹೆಚ್ಚಿಸಿದೆ.

ಟೆಸ್ಟ್ ಡ್ರೈವ್‌ಗೆ ಹೋಗುವ ಹಿಂದಿನ ದಿನವೇ ಫೋನ್ ಮಾಡಿ, ಪೂರ್ತಿ ಚಾರ್ಜ್ ಮಾಡಿ ಇಡಿ ಎಂದು ಹೇಳಿ. ಡೀಲರ್ ಜಾಗದಲ್ಲಿ ನಿಲ್ಲಿಸಿದ ಪ್ಲಗ್-ಇನ್‌ಗಳು ಸಾಮಾನ್ಯವಾಗಿ ಖಾಲಿಯೇ ಇರುತ್ತವೆ. ಖಾಲಿ ಬ್ಯಾಟರಿಯಲ್ಲಿ ಓಡಿಸಿ ನೋಡಿದರೆ ನೀವು ಓಡಿಸಿದ್ದು ಹೈಬ್ರಿಡ್ ಅಷ್ಟೇ. ತುಂಬಿದ ಮೇಲೆ ಮೀಟರಿನಲ್ಲಿ ಎಷ್ಟು ಮೈಲಿ ತೋರಿಸುತ್ತದೆ ನೋಡಿ, ಹಳೆಯ ಮಾಲೀಕ ಓಡಿಸಿದ ರೀತಿಯ ಮೇಲೆ ಆ ಸಂಖ್ಯೆ ಹಿಂದೆಮುಂದೆ ಆಗುತ್ತದೆ.

ಆಮೇಲೆ ಡಿಕ್ಕಿ ತೆಗೆಸಿ. ಚಾರ್ಜಿಂಗ್ ಕೇಬಲ್ ಎಲ್ಲಿ ಎಂದು ಕೇಳಿ. ಕೊಳೆಯಾಗಿ, ತಿರುಚಿಕೊಂಡು, ಪ್ಲಗ್ಗಿನ ತುದಿ ಸವೆದಿದ್ದರೆ ಒಳ್ಳೆಯದು, ಯಾರೋ ದಿನಾ ಹಾಕಿದ್ದಾರೆ, ಎಂಜಿನ್ ಹೆಚ್ಚು ದುಡಿದಿಲ್ಲ. ಕಂಪನಿ ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಸುರುಳಿ ಬಿಚ್ಚದೆ ಕೂತಿದ್ದರೆ ಓಡೋಮೀಟರಿನ ಪ್ರತಿ ಮೈಲಿಯೂ ಎಂಜಿನ್ ಓಡಿದ್ದು ಎಂದೇ ಹಿಡಿದು ಅಲ್ಲಿಂದ ಚೌಕಾಸಿ ಶುರು ಮಾಡಿ.